ಇಪ್ಪತ್ತು ಮಿಲಿಮೀಟರ್ ಮಣ್ಣು

"ಏನಮ್ಮಾ ಅದು? ಲಗೇಜ್ ಟಿಕೆಟ್ ತಗೋಬೇಕಾಗತ್ತೆ" ಅಂದರು ಕಂಡಕ್ಟರ್. ನನ್ನ ತೊಡೆ ಮೇಲೆ ಒಂದೂವರೆ ಅಡಿ ಉದ್ದದ ಕಬ್ಬಿಣದ ಕೊಳವೆ ಇತ್ತು. ಎರಡೂ ಬಾಯಿಗೆ ಮೇಣ ಕಾಯಿಸಿ ಹುಯ್ದು ಮುಚ್ಚಿತ್ತು. ಮೇಲೊಂದು ಚೀಟಿ: ಬೋರ್‌ಹೋಲ್ 2, ಆಳ 3 ಮೀಟರ್. "ಮಣ್ಣು ಸಾರ್" ಅಂದೆ. ಅವರು ನನ್ನ ಮುಖ ಒಮ್ಮೆ, ಕೊಳವೆ ಒಮ್ಮೆ ನೋಡಿ, ಟಿಕೆಟ್ಟೂ ಕೊಡದೆ ಮುಂದಕ್ಕೆ ಹೋದರು. ಬೆಳಗಿನಿಂದ ಎಂತೆಂಥವರನ್ನ ನೋಡಿದ್ದರೋ ಪಾಪ.

ನಮ್ಮ ಕೆಲಸದಲ್ಲಿ ಅದಕ್ಕೆ ಯುಡಿಎಸ್ ಅಂತಾರೆ. ಅನ್‌ಡಿಸ್ಟರ್ಬ್ಡ್ ಸ್ಯಾಂಪಲ್. ನೆಲದೊಳಗೆ ಹೇಗಿತ್ತೋ ಹಾಗೇ, ಅಲುಗಾಡದೆ, ಒಳಗಿನ ನೀರು ಆರದೆ ಲ್ಯಾಬಿಗೆ ಬರಬೇಕಾದ ಮಣ್ಣು. ಅದನ್ನ ಸಿಲ್ಕ್ ಬೋರ್ಡ್ ದಾಟಿಸಿ ಬಿಎಂಟಿಸಿ ಬಸ್ಸಿನಲ್ಲಿ ತರಬೇಕಿತ್ತು! ಹಂಪ್ ಬಂದಾಗಲೆಲ್ಲ ಕೊಳವೆಯನ್ನ ತೊಡೆಯಿಂದ ಎರಡಿಂಚು ಮೇಲೆತ್ತಿ ಹಿಡಿಯುತ್ತಿದ್ದೆ. ಪಕ್ಕದ ಸೀಟಿನ ಆಂಟಿ ಒಳಗೆ ದೇವರಿದೆ ಅಂದುಕೊಂಡರೋ ಏನೋ, ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು.

ನಾನು ಎಂಟೆಕ್ ಮಾಡಿದ್ದು ಜಿಯೋಟೆಕ್ನಿಕಲ್‌ನಲ್ಲಿ, ಅಂದರೆ ಮಣ್ಣಿನ ಎಂಜಿನಿಯರಿಂಗ್‌ನಲ್ಲಿ. ಆಸೆಪಟ್ಟು ತಗೊಂಡೆ ಅಂದರೆ ಸುಳ್ಳಾಗುತ್ತದೆ. ಎಲ್ಲರಿಗೂ ಸ್ಟ್ರಕ್ಚರಲ್ ಬೇಕು, ನನಗೂ ಅದೇ ಬೇಕಿತ್ತು. ರ‍್ಯಾಂಕು ಒಪ್ಪಲಿಲ್ಲ. ಕೌನ್ಸೆಲಿಂಗಿನಲ್ಲಿ ಉಳಿದಿದ್ದು ಮಣ್ಣು. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕುಬಿಟ್ಟ. "ಮಣ್ಣಿನ ಬಗ್ಗೆ ಕಲಿಯಾಕ ಬೆಂಗ್ಳೂರಿಗ್ಯಾಕ ಹೋಗ್ತಿ? ಇಲ್ಲೇ ಹೊಲದಾಗ ಕಡಿಮಿ ಐತೇನು?"

ನಮ್ಮದು ಗದಗದ ಹತ್ತಿರದ ಊರು. ಎರೆ ಹೊಲ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಅದರೊಳಗೆ ಬಿದ್ದ ಕುಡುಗೋಲು ಮತ್ತೆ ಕೈಗೆ ಸಿಗುವುದಿಲ್ಲ. ಮಳೆ ಬಿದ್ದರೆ ಒಂದೊಂದು ಚಪ್ಪಲಿಗೂ ಎರಡೆರಡು ಕೆಜಿ ಮಣ್ಣು. ಮನೆಯ ಗೋಡೆ ಬಿರುಕು ಬಿಡುವುದು ನಮಗೆ ಸುದ್ದಿಯೇ ಅಲ್ಲ. ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಓರೆ ಬಿರುಕಿದೆ. ಅಪ್ಪ ಅದರಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಾನೆ.

ಕ್ಲಾಸಿನ ಮೊದಲ ವಾರ ಸರ್ ಬೋರ್ಡಿನ ಮೇಲೆ ಒಂದು ಡಬ್ಬಿ ಬರೆದರು. ಡಬ್ಬಿಯೊಳಗೆ ನೀರು, ನೀರಿನಲ್ಲಿ ಒಂದು ಸ್ಪ್ರಿಂಗು, ಮೇಲೆ ಮುಚ್ಚಳ, ಮುಚ್ಚಳಕ್ಕೆ ಸಣ್ಣ ತೂತು. ಮುಚ್ಚಳದ ಮೇಲೆ ಭಾರ ಇಟ್ಟ ಕೂಡಲೇ ಅದನ್ನ ಹೊರುವುದು ಯಾರು? ಸ್ಪ್ರಿಂಗ್ ಅಂತ ನಾವೆಲ್ಲ ಕೂಗಿದೆವು. ಅಲ್ಲ, ನೀರು. ತೂತಿನಿಂದ ನೀರು ಹೊರಗೆ ಹೋಗುತ್ತಾ ಹೋಗುತ್ತಾ ಭಾರ ನಿಧಾನವಾಗಿ ಸ್ಪ್ರಿಂಗಿನ ಮೇಲೆ ಕೂರುತ್ತದೆ. ಜೇಡಿಮಣ್ಣಿನಲ್ಲೂ ಇದೇ ಕಥೆ. ಸ್ಪ್ರಿಂಗ್ ಇರೋ ಜಾಗದಲ್ಲಿ ಮಣ್ಣಿನ ಕಣಗಳು, ತೂತಿನ ಜಾಗದಲ್ಲಿ ಕಣಗಳ ನಡುವಿನ ಸಂದಿಗಳು. ಸಂದಿ ತುಂಬಾ ಸಣ್ಣದು, ಅದಕ್ಕೇ ಹೊತ್ತು ಹಿಡಿಯುತ್ತದೆ. ನನಗೆ ನೆನಪಾಗಿದ್ದು ಶ್ರೀಖಂಡ. ಅವ್ವ ಮೊಸರನ್ನ ಬಿಳಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ಗೂಟಕ್ಕೆ ನೇತು ಹಾಕುತ್ತಿದ್ದಳು. ಬೇಗ ಆಗಲಿ ಅಂತ ನಾನೊಮ್ಮೆ ಗಂಟನ್ನ ಹಿಂಡಲು ಹೋಗಿ, ನೀರಿನ ಜೊತೆ ಮೊಸರೂ ಬಟ್ಟೆಯಿಂದ ಹೊರಬಂದು ಬೈಸಿಕೊಂಡಿದ್ದೆ.

ಈ ಲೆಕ್ಕವನ್ನೆಲ್ಲ ಮೊದಲು ಕಟ್ಟಿದ್ದು ಕಾರ್ಲ್ ಟೆರ್ಜಾಗಿ. 1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಸ್ತಾಂಬುಲ್‌ಗೆ ಪಾಠ ಹೇಳಲು ಹೋಗಿ, ಅಲ್ಲಿ ಕೈಗೆ ಸಿಕ್ಕ ಸಾಮಾನು ಜೋಡಿಸಿ ಜೇಡಿಮಣ್ಣನ್ನ ಒತ್ತಿ ನೋಡುತ್ತಾ ಕೂತ. 1925ರಲ್ಲಿ ಅವನ ಪುಸ್ತಕ ಬಂತು. ಅಲ್ಲಿಂದಲೇ ಸಾಯಿಲ್ ಮೆಕ್ಯಾನಿಕ್ಸ್ ಅನ್ನೋ ವಿಷಯ ಶುರುವಾಯಿತು ಅಂತ ಲೆಕ್ಕ. ಅವನು ಬಳಸಿದ ಥರದ್ದೇ ಉಪಕರಣ ಇವತ್ತಿಗೂ ನಮ್ಮ ಲ್ಯಾಬುಗಳಲ್ಲಿದೆ. ಕನ್ಸಾಲಿಡೇಶನ್ ಸೆಟಪ್ ಅಂತಾರೆ. ಭಾರಕ್ಕೆ ಮಣ್ಣು ನೀರು ಬಿಟ್ಟು ಕೂರುವುದೇ ಕನ್ಸಾಲಿಡೇಶನ್. ನನ್ನ ಎರಡು ವರ್ಷದ ಓದಿನಲ್ಲಿ ಬಹುಪಾಲು ಕಳೆದದ್ದು ಅದರ ಮುಂದಿನ ಸ್ಟೂಲಿನ ಮೇಲೆ.

ಒಂದು ಹಿತ್ತಾಳೆ ಉಂಗುರ. 60 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಎತ್ತರ. ಕೊಳವೆಯಿಂದ ಮಣ್ಣು ಹೊರತೆಗೆದು, ಉಂಗುರವನ್ನ ಅದರೊಳಕ್ಕೆ ಮೆಲ್ಲಗೆ ಇಳಿಸಿ, ಮೇಲೆ ಕೆಳಗೆ ತಂತಿಯಿಂದ ನುಣ್ಣಗೆ ಕೊಯ್ಯಬೇಕು. ಒಂದು ಸಣ್ಣ ಕಲ್ಲು ಸಿಕ್ಕಿಕೊಂಡು ಗೀರು ಬಿದ್ದರೂ ಮತ್ತೆ ಮೊದಲಿಂದ. ಎರಡೂ ಕಡೆ ನೀರು ಹೋಗುವ ರಂಧ್ರದ ಕಲ್ಲು ಇಟ್ಟು, ಸುತ್ತ ನೀರು ಹುಯ್ದು, ಲಿವರ್‌ಗೆ ತೂಕದ ಬಿಲ್ಲೆ ನೇತು ಹಾಕಬೇಕು. ಆಮೇಲೆ ಡಯಲ್ ಗೇಜ್ ನೋಡುತ್ತಾ ಕೂರುವುದು. ಅದರ ಒಂದೊಂದು ಗೆರೆಯೂ ಮಿಲಿಮೀಟರ್‌ನ ಸಾವಿರದಲ್ಲಿ ಎರಡು ಭಾಗ. ಓದಬೇಕಾದ ಹೊತ್ತುಗಳು 1, 4, 9, 16, 25, 36, 49 ನಿಮಿಷ. ಗ್ರಾಫಿನಲ್ಲಿ ಹೊತ್ತಿನ ವರ್ಗಮೂಲ ಹಾಕುವುದರಿಂದ ಓದುವ ಹೊತ್ತೂ ವರ್ಗ ಸಂಖ್ಯೆಗಳೇ. ಮೊದಲ ನಿಮಿಷಗಳಲ್ಲಿ ಮುಳ್ಳು ಓಡುತ್ತದೆ, ಬರೆದುಕೊಳ್ಳಲು ಕೈ ಸಾಲದು. ಗಂಟೆ ಕಳೆದ ಮೇಲೆ ಟೀ ಕುಡಿದು ಬಂದರೂ ಮುಳ್ಳು ಅಲ್ಲೇ ಇರುತ್ತದೆ. ಇಲ್ಲ, ಅರ್ಧ ಗೆರೆ ಸರಿದಿರುತ್ತದೆ. ಅದನ್ನೂ ಬರೆಯಬೇಕು.

24 ಗಂಟೆ ಆದ ಮೇಲೆ ಭಾರ ಎರಡರಷ್ಟು. 50 ಕಿಲೋಪ್ಯಾಸ್ಕಲ್, ಮರುದಿನ 100, ಆಮೇಲೆ 200, 400, 800. ಆಮೇಲೆ ಭಾರ ಇಳಿಸುತ್ತಾ ಬರಬೇಕು. ಒಂದು ಟೆಸ್ಟಿಗೆ ಹತ್ತಿರ ಹತ್ತಿರ ಎಂಟು ಒಂಬತ್ತು ದಿನ. ನಡುವೆ ಭಾನುವಾರ ಬಂದರೂ ಬರಲೇಬೇಕು. ಮಣ್ಣಿಗೆ ಭಾನುವಾರ ಇಲ್ಲವಲ್ಲ. ರೂಮ್‌ಮೇಟ್‌ಗಳು ಕಮರ್ಷಿಯಲ್ ಸ್ಟ್ರೀಟಿಗೆ ಹೊರಟರೆ ನಾನು ವಾಚ್‌ಮನ್ ಹತ್ತಿರ ಕೀ ಇಸ್ಕೊಂಡು ಲ್ಯಾಬಿಗೆ.

ಬಸ್ಸಿನಲ್ಲಿ ದೇವರ ಹಾಗೆ ತಂದ ಆ ಮಣ್ಣಿನ ಮೊದಲ ಟೆಸ್ಟನ್ನ ನಾನೇ ಹಾಳು ಮಾಡಿದೆ. ನಾಲ್ಕನೇ ದಿನ, 400ರ ಭಾರ ಹಾಕುವಾಗ ದುಪ್ಪಟ್ಟಾ ತುದಿ ಲಿವರ್‌ಗೆ ಸಿಕ್ಕಿಕೊಂಡಿತು. ತಿರುಗಿದೆ, ಅಷ್ಟೇ. ಬಿಲ್ಲೆಗಳು ದಡ್ ಅಂತ ನೆಲಕ್ಕೆ ಬಿದ್ದವು, ಗೇಜಿನ ಮುಳ್ಳು ಎರಡು ಸುತ್ತು ತಿರುಗಿತು. ಅಳು ಬಂತು, ನಿಜವಾಗಿ. ಲ್ಯಾಬಿನ ಅಟೆಂಡರ್ ಅಣ್ಣ ಬಿಲ್ಲೆ ಎತ್ತಿ ಒರೆಸಿ ಇಡುತ್ತಾ, "ಮಣ್ಣೆಲ್ಲೂ ಓಡಿ ಹೋಗಲ್ಲ ಬಿಡಮ್ಮ. ಕೊಳವೇಲಿ ಇನ್ನೂ ಇದೆಯಲ್ಲ, ಇನ್ನೊಂದು ರಿಂಗ್ ಕುಯ್ಯಿ" ಅಂದರು. ಮೂವತ್ತು ವರ್ಷದಿಂದ ಆ ಲ್ಯಾಬಿನಲ್ಲಿದ್ದವರು. ಬೆರಳಲ್ಲಿ ಉಜ್ಜಿ ನೋಡಿ, ಇದರ ಲಿಕ್ವಿಡ್ ಲಿಮಿಟ್ (ಎಷ್ಟು ನೀರಿಗೆ ಮಣ್ಣು ಹರಿಯಲು ಶುರುವಾಗುತ್ತದೆ ಅನ್ನೋ ಲೆಕ್ಕ) ಐವತ್ತರ ಮೇಲೆ ಅಂತ ಹೇಳಿಬಿಡುತ್ತಿದ್ದರು. ನಾವು ಅದನ್ನ ಅಳೆಯುವ ಕಸಗ್ರಾಂಡೆ ಬಟ್ಟಲನ್ನ ಒಂದೂವರೆ ಗಂಟೆ ಕುಟ್ಟಿ ಅಲ್ಲಿಗೇ ಬರುತ್ತಿದ್ದೆವು.

ಎರಡನೇ ಸಲ ಟೆಸ್ಟ್ ಸರಿಯಾಗಿ ಬಂತು. ನೂರರಲ್ಲಿ ತೊಂಬತ್ತು ಭಾಗ ಕುಸಿತ ಮುಗಿಯಲು ಹಿಡಿದ ಹೊತ್ತು 49 ನಿಮಿಷ. ಖುಷಿಯಾಗಿ ತೋರಿಸಿದೆ. ಸರ್ ಗ್ರಾಫ್ ನೋಡಿ, "ಸೈಟಲ್ಲಿ ಈ ಪದರ ಎಷ್ಟು ದಪ್ಪ ಇದೆ?" ಅಂದರು. ನಾಲ್ಕು ಮೀಟರ್. "ನೀರು ಎಲ್ಲಿಂದ ಹೊರಗೆ ಹೋಗತ್ತೆ?" ಮೇಲಿನಿಂದ ಮಾತ್ರ, ಕೆಳಗೆ ಬಿಗಿ ಮಣ್ಣು. "ಹಾಗಾದ್ರೆ ಎಷ್ಟು ದಿನ ಹಿಡಿಯತ್ತೆ, ಇಲ್ಲೇ ಮಾಡು" ಅಂತ ಚಾಕ್‌ಪೀಸ್ ಕೊಟ್ಟರು.

ಉಂಗುರದಲ್ಲಿ ನೀರು ಎರಡೂ ಕಡೆಗೆ ಹೋಗುತ್ತದೆ, ಹಾಗಾಗಿ ಅದು ನಡೆಯಬೇಕಾದ ದಾರಿ 10 ಮಿಲಿಮೀಟರ್. ಸೈಟಿನಲ್ಲಿ ಪೂರ್ತಿ 4 ಮೀಟರ್. ದಾರಿ 400 ಪಟ್ಟು. ಆದರೆ ಹೊತ್ತು ದಾರಿಯ ವರ್ಗದ ಹಾಗೆ ಬೆಳೆಯುತ್ತದೆ. 400ರ ವರ್ಗ 1,60,000. ಅದನ್ನ 49 ನಿಮಿಷದಿಂದ ಗುಣಿಸಿ, ಗಂಟೆ ಮಾಡಿ, ದಿನ ಮಾಡಿ, ವರ್ಷ ಮಾಡಿದಾಗ ಬೋರ್ಡಿನ ಮೇಲೆ ಬಂದಿದ್ದು ಹತ್ತಿರ ಹತ್ತಿರ 15 ವರ್ಷ. ನಾನು ಎಲ್ಲೋ ಸೊನ್ನೆ ಜಾಸ್ತಿ ಹಾಕಿದೆ ಅಂದುಕೊಂಡು ಮತ್ತೆ ಮಾಡಿದೆ. ಅಷ್ಟೇ ಬಂತು. ಎರಡು ಸೆಂಟಿಮೀಟರ್‌ಗೆ ಮುಕ್ಕಾಲು ಗಂಟೆಯ ಮೇಲೆ ನಾಲ್ಕು ನಿಮಿಷ, ನಾಲ್ಕು ಮೀಟರ್‌ಗೆ ಹದಿನೈದು ವರ್ಷ. ಹೋಮ್ ಲೋನ್ ಮುಗಿಯೋ ಹೊತ್ತಿಗೆ ಸರಿಯಾಗಿ ಕಟ್ಟಡವೂ ಕೂತಿರುತ್ತದೆ ಅಂತ ಹಿಂದಿನ ಬೆಂಚಿನವನೊಬ್ಬ ಅಂದ.

ಆ ಮಣ್ಣು ಬಂದ ಜಾಗದ ಬಗ್ಗೆ ಹೇಳಬೇಕು. ಬೆಂಗಳೂರಿನ ಆಗ್ನೇಯ ದಿಕ್ಕಿನ ಒಂದು ಬಡಾವಣೆ. ಮೂರು ಕಾಲಿನ ಟ್ರೈಪಾಡ್ ನಿಲ್ಲಿಸಿ ಬೋರ್ ಹಾಕುತ್ತಿದ್ದರು. ಮಣ್ಣು ಎಷ್ಟು ಗಟ್ಟಿ ಅಂತ ಅಳೆಯುವ ಎಸ್‌ಪಿಟಿ ಟೆಸ್ಟ್ ನೋಡಿದವರಿಗೆ ಗೊತ್ತು, 63.5 ಕೆಜಿ ಗುಂಡನ್ನ 75 ಸೆಂಟಿಮೀಟರ್ ಎತ್ತಿ ಬಿಡಬೇಕು, ಏಟು ಎಣಿಸಬೇಕು. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಆಮೇಲಿನ 30ಕ್ಕೆ ಬಿದ್ದ ಏಟುಗಳೇ ಎನ್ ವ್ಯಾಲ್ಯೂ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಹದಿನೈದು, ಇಪ್ಪತ್ತು, ಕೆಳಗೆ ಹೋದ ಹಾಗೆ ಐವತ್ತು ಏಟು ಹೊಡೆದರೂ ಇಳಿಯೋದಿಲ್ಲ. ಇಲ್ಲಿ ಮೇಲಿನ ಎರಡು ಮೀಟರ್ ಬರೀ ಕಟ್ಟಡದ ಡೆಬ್ರಿ, ಇಟ್ಟಿಗೆ ಚೂರು, ಒಂದು ಹವಾಯಿ ಚಪ್ಪಲಿ. ಅದರ ಕೆಳಗೆ ಎಣಿಸುವವನು "ಒಂದು... ಎರಡು..." ಅಂತ ಹೇಳಿ ಸುಮ್ಮನಾದ. 30 ಸೆಂಟಿಮೀಟರ್ ಮುಗಿದೇಹೋಗಿತ್ತು. ಏಟಿಗೆ ನೆಲದೊಳಗೆ ಇಳಿಯುವ ಕೊಳವೆಗೆ ಸ್ಪೂನ್ ಅಂತಾರೆ. ಅದನ್ನ ಬಿಚ್ಚಿದರೆ ಕಪ್ಪು ಹೂಳು, ಕೊಳೆತ ವಾಸನೆ, ನಡುವೆ ಬಸವನಹುಳುವಿನ ಪುಟ್ಟ ಬಿಳಿ ಚಿಪ್ಪು.

ಗೇಟಿನ ಪಕ್ಕ ಹೂವು ಕಟ್ಟುತ್ತಿದ್ದ ಅಜ್ಜಿಯನ್ನ ಕೇಳಿದೆ, ಇಲ್ಲಿ ಮೊದಲು ಏನಿತ್ತಜ್ಜಿ ಅಂತ. "ಕೆರೆ ಅಂಗಳ ಕಣಮ್ಮ. ಅಗೋ ಆ ರೋಡೈತಲ್ಲ, ಅದೇ ಏರಿ" ಅಂದರು. ಅಷ್ಟು ಹೊತ್ತು ನಾನು ನಿಂತಿದ್ದ ರಸ್ತೆ ಯಾಕೆ ಪಕ್ಕದ ಮನೆಗಳಿಗಿಂತ ಎತ್ತರ ಇತ್ತು ಅಂತ ಆಗ ಗೊತ್ತಾಯಿತು.

ಇದು ಒಂದು ಬಡಾವಣೆಯ ಕಥೆಯಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಈಗ ಸೈಟ್ ಇನ್‌ವೆಸ್ಟಿಗೇಶನ್‌ಗೆ ಹೋಗುವ ಮುಂಚೆ ನಾನು ಹಳೇ ನಕ್ಷೆ ನೋಡುತ್ತೇನೆ, ಹೆಸರಿನಲ್ಲಿ ಕೋಡಿ, ಕಟ್ಟೆ, ಕುಂಟೆ ಇದೆಯಾ ಅಂತ ನೋಡುತ್ತೇನೆ, ಆಮೇಲೆ ಸುತ್ತಮುತ್ತ ವಯಸ್ಸಾದವರು ಯಾರಿದ್ದಾರೆ ಅಂತ ಹುಡುಕುತ್ತೇನೆ. ಪಠ್ಯದಲ್ಲಿ ಇದಕ್ಕೆ ಡೆಸ್ಕ್ ಸ್ಟಡಿ ಅಂತ ಎರಡು ಪ್ಯಾರಾ ಇತ್ತು. ಪರೀಕ್ಷೆಗೆ ಬರಲ್ಲ ಅಂತ ನಾವು ಯಾರೂ ಓದಿರಲಿಲ್ಲ.

ಕಟ್ಟುವವರಿಗೆ ರಿಪೋರ್ಟ್ ಮೂರು ದಿನದಲ್ಲಿ ಬೇಕಿತ್ತು. ಟೆಸ್ಟಿಗೇ ಒಂಬತ್ತು ದಿನ ಅಂದರೆ ನಂಬಲಿಲ್ಲ. ಹೂಳು ದಾಟಿಸಿ ಕೆಳಗಿನ ಗಟ್ಟಿ ಪದರಕ್ಕೆ ಪೈಲ್, ಅಂದರೆ ನೆಲದೊಳಗಿನ ಉದ್ದ ಕಂಬ, ಇಳಿಸಿ ಅಂತ ಬರೆದಾಗ ಸಿಟ್ಟೇ ಬಂತು. "ಮೇಡಂ, ಪಕ್ಕದ ಸೈಟ್‌ನೋರು ಐದಡಿ ಪಾಯ ತೆಗ್ದು ಮೂರು ಫ್ಲೋರ್ ಎತ್ತಿದಾರೆ. ಒಂದ್ ವರ್ಷ ಆಯ್ತು, ಏನೂ ಆಗಿಲ್ಲ." ನನ್ನ ಲೆಕ್ಕದಲ್ಲಿ ಮೊದಲ ವರ್ಷಕ್ಕೆ ಆಗುವುದು ಒಟ್ಟು ಕುಸಿತದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಇನ್ನೂ ಬರಬೇಕಿದೆ ಅಂತ ಹೇಳಿದೆ. ಕಟ್ಟಡ ಪೂರ್ತಿ ಒಂದೇ ಸಮ ಇಳಿದರೆ ದೊಡ್ಡ ತೊಂದರೆ ಇಲ್ಲ, ಒಂದು ಕಂಬ ಜಾಸ್ತಿ ಇನ್ನೊಂದು ಕಮ್ಮಿ ಇಳಿದರೆ ಗೋಡೆ ಸೀಳುತ್ತದೆ ಅಂತಲೂ ಹೇಳಿದೆ. ಪೈಲ್ ಹಾಕಿದರೂ ಮೇಲಿನ ಡೆಬ್ರಿಯ ಭಾರಕ್ಕೆ ಹೂಳು ಇಳಿಯುತ್ತಲೇ ಇರುತ್ತದೆ, ಇಳಿಯುವಾಗ ಪೈಲನ್ನೂ ಕೆಳಕ್ಕೆ ಎಳೆಯುತ್ತದೆ, ಅದಕ್ಕೂ ಲೆಕ್ಕ ಹಿಡಿಯಬೇಕು ಅನ್ನೋದನ್ನ ಮಾತ್ರ ಬಾಯಲ್ಲಿ ಹೇಳಲು ಧೈರ್ಯ ಸಾಲದೆ ರಿಪೋರ್ಟಿನಲ್ಲಿ ಬರೆದು ಬಂದೆ. ಕೊನೆಗೆ ಪೈಲ್ ಹಾಕಿದರು ಅಂತ ಕೇಳಿದೆ.

ಕಾಯುವುದಕ್ಕೆ ಒಳ್ಳೇ ಉದಾಹರಣೆ ಪೀಸಾ ಗೋಪುರ. ಎಲ್ಲರೂ ಅದನ್ನ ತಪ್ಪಿನ ಉದಾಹರಣೆಯಾಗಿ ಹೇಳುತ್ತಾರೆ. 1173ರಲ್ಲಿ ಶುರು ಮಾಡಿದರು, ಕೆಲವೇ ವರ್ಷಕ್ಕೆ ಮೂರನೇ ಅಂತಸ್ತಿನ ಹೊತ್ತಿಗೆ ಕೆಲಸ ನಿಂತಿತು. ಮತ್ತೆ ಶುರುವಾಗಿದ್ದು ಸುಮಾರು ನೂರು ವರ್ಷದ ನಂತರ. ಆ ನೂರು ವರ್ಷದಲ್ಲಿ ಕೆಳಗಿನ ಜೇಡಿ ನೀರು ಬಿಟ್ಟು ಗಟ್ಟಿಯಾಯಿತು. ಒಂದೇ ಉಸಿರಿಗೆ ಮೇಲೆತ್ತಿದ್ದರೆ ಗೋಪುರ ಆಗಲೇ ಬೀಳುತ್ತಿತ್ತು. 1990ರಲ್ಲಿ ಜನರಿಗೆ ಮುಚ್ಚಿ, ವಾಲಿದ್ದಕ್ಕೆ ಎದುರು ಕಡೆ ಬುಡದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು, 2001ರಲ್ಲಿ ಮತ್ತೆ ತೆರೆದರು. ಮುಖ್ಯವಾಗಿ ಮಣ್ಣಿನ ಕಡೆಯಿಂದಲೇ ಗೋಪುರವನ್ನ ಸ್ವಲ್ಪ ಹಿಂದಕ್ಕೆ ತಂದರು. ಆ ಪಾಠ ಕೇಳಿದ ದಿನ ಸ್ಟ್ರಕ್ಚರಲ್ ಸೀಟು ಸಿಗದಿದ್ದ ಬೇಜಾರು ಅರ್ಧ ಹೋಯಿತು.

ಇಷ್ಟೆಲ್ಲ ಕಲಿತು ಬೆಂಗಳೂರಿನ ಕೆಂಪು ಮಣ್ಣಿನ ಮುಂದೆ ನಿಂತರೆ ಅದು ಬೇರೆಯೇ ಕಥೆ ಹೇಳುತ್ತದೆ. ಟೆರ್ಜಾಗಿಯ ಲೆಕ್ಕ ನೀರಲ್ಲಿ ತೇಲಿಬಂದು ಪದರ ಪದರವಾಗಿ ಕೂತ ಜೇಡಿಗೆ ಹೇಳಿ ಮಾಡಿಸಿದ್ದು. ಇಲ್ಲಿನ ಮಣ್ಣು ಎಲ್ಲಿಂದಲೂ ಬಂದಿಲ್ಲ. ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ, ಕೆಂಪೇಗೌಡರ ಗೋಪುರ ಇರೋದು? ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಅದು. ಅದೇ ಬಂಡೆ ನಿಂತಲ್ಲೇ ಕೊಳೆತು, ಕರಗಿ, ಕೆಂಪಾಗಿ ನಮ್ಮ ಮನೆಗಳ ಕೆಳಗಿದೆ. ಎಲ್ಲ ಕಡೆ ಒಂದೇ ಸಮ ಕೊಳೆತಿಲ್ಲ. ಒಂದು ಬೋರಿನಲ್ಲಿ ನಾಲ್ಕು ಮೀಟರ್‌ಗೆ ಬಂಡೆ, ಇಪ್ಪತ್ತು ಹೆಜ್ಜೆ ಆಚೆ ಹದಿನೈದು ಮೀಟರ್ ಹೋದರೂ ಇಲ್ಲ. ಮೆಟ್ರೋದ ಸುರಂಗ ಕೊರೆಯುವ ಯಂತ್ರಗಳು ಇದರಲ್ಲೇ ಒದ್ದಾಡಿದ್ದು. ಮುಖದ ಅರ್ಧಕ್ಕೆ ಬಂಡೆ, ಅರ್ಧಕ್ಕೆ ಮಣ್ಣು. ಊರ್ಜಾ ಅನ್ನೋ ಯಂತ್ರ 2020ರ ಜುಲೈನಲ್ಲಿ ಕಂಟೋನ್ಮೆಂಟ್ ಕಡೆಯಿಂದ ಹೊರಟು 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ತಲೆ ಹೊರಗೆ ಹಾಕಿತು. ದೂರ ಒಂದು ಕಿಲೋಮೀಟರ್ ಕೂಡ ಇಲ್ಲ.

ಕೆಂಪು ಮಣ್ಣಿನಲ್ಲಿ ನನಗೆ ಜಾಸ್ತಿ ಭಯ ಆಗೋದು ಬೇಸಿಗೆಯಲ್ಲಿ. ಬೇಸ್‌ಮೆಂಟಿಗೆ ಅಂತ ನೇರ ಕೊಯ್ದ ಮಣ್ಣು ಮಾರ್ಚ್ ತಿಂಗಳಲ್ಲಿ ಗೋಡೆಯ ಹಾಗೆ ನಿಂತಿರುತ್ತದೆ. ಆಸರೆ ಇಲ್ಲ, ಏನೂ ಇಲ್ಲ. "ನೋಡಿ ಮೇಡಂ, ಬೆಂಗ್ಳೂರ್ ಮಣ್ಣು, ಕಲ್ಲು ಇದ್ದಂಗೆ" ಅಂತ ಮೇಸ್ತ್ರಿ ತಟ್ಟಿ ತೋರಿಸುತ್ತಾರೆ. ಅದನ್ನ ಹಿಡಿದುಕೊಂಡಿರೋದು ಕಣಗಳ ನಡುವೆ ಉಳಿದ ಚೂರು ನೀರಿನ ಎಳೆತ, ಸಕ್ಷನ್. ಒದ್ದೆ ಮರಳಿನಲ್ಲಿ ಮಕ್ಕಳು ಗುಬ್ಬಿಮನೆ ಕಟ್ಟುತ್ತಾರಲ್ಲ, ಅದೇ. ಜೋರು ಮಳೆ ಬಂದು ಸಂದಿ ಪೂರ್ತಿ ತುಂಬಿದರೆ ಆ ಎಳೆತವೇ ಇರುವುದಿಲ್ಲ. ಅಂಥ ಕೊಯ್ತದ ಕೆಳಗೆ ಕೂಲಿಯವರು ತಗಡಿನ ಶೆಡ್ ಹಾಕಿಕೊಂಡಿರುತ್ತಾರೆ. ಶೆಡ್ ಆಚೆ ಹಾಕಿಸಿ ಅಂತ ನಾನು ಜಗಳ ಆಡುತ್ತೇನೆ. ಅರ್ಧ ಸಲ ಗೆಲ್ಲುತ್ತೇನೆ.

ಎಂಟೆಕ್ ಎರಡನೇ ವರ್ಷ ಯುಗಾದಿಗೆ ಊರಿಗೆ ಹೋದಾಗ ಹೊಲದಿಂದ ಒಂದು ಚೀಲ ಎರೆ ಮಣ್ಣು ತಂದಿದ್ದೆ. ಫ್ರೀ ಸ್ವೆಲ್ ಟೆಸ್ಟ್ ಸುಲಭದ್ದು. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತು ಗ್ರಾಂ ಒಂದು ಅಳತೆ ಗ್ಲಾಸಿಗೆ, ಹತ್ತು ಗ್ರಾಂ ಇನ್ನೊಂದಕ್ಕೆ. ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ನೀರು. ಕಲಕಿ 24 ಗಂಟೆ ಬಿಡಬೇಕು. ಮರುದಿನ ಸೀಮೆಎಣ್ಣೆಯಲ್ಲಿ ಮಣ್ಣು 10ರ ಗೆರೆಯಲ್ಲಿತ್ತು, ನೀರಿನಲ್ಲಿ 21. ಎರಡರಷ್ಟಕ್ಕಿಂತ ಜಾಸ್ತಿ ಉಬ್ಬಿತ್ತು. ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜದ ಕೆಲಸ ಇದು. ಅದರ ಹಾಳೆಗಳ ನಡುವೆ ನೀರು ಹೊಕ್ಕು ಹಾಳೆಗಳನ್ನ ದೂರ ತಳ್ಳುತ್ತದೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿ, ಫೋನಿನಲ್ಲಿ ಹಾಳೆ, ನೀರು ಎಲ್ಲ ವಿವರಿಸಿದೆ. ಪೂರ್ತಿ ಕೇಳಿದ. "ಅಂದ್ರ ಮಳಿ ಬಂದ್ರ ಉಬ್ಬತೈತಿ ಅಂತ ಆತಲ್ಲ" ಅಂದ. ಹೌದಪ್ಪ ಅಂದೆ. "ಹಂಗಾಗೇ ನಿಮ್ಮಜ್ಜ ಪಾಯಾ ತುಂಬಿ ಒಂದ್ ಮಳಿಗಾಲ ಹಂಗ ಬಿಟ್ಟಿದ್ದ. ಆಮ್ಯಾಲ ಗ್ವಾಡಿ ಎಬ್ಬಿಸಿದ್ದು."

ಅದರ ಹಿಂದಿನ ವಾರವಷ್ಟೇ ಪ್ರಿಲೋಡಿಂಗ್ ಪಾಠ ಆಗಿತ್ತು. ಮೊದಲೇ ಭಾರ ಹೇರಿ, ಮಣ್ಣು ಕೂರುವ ತನಕ ಕಾದು, ಆಮೇಲೆ ಕಟ್ಟುವುದು. ಒಂದೇ ಅಲ್ಲದಿದ್ದರೂ ಅಜ್ಜ ಮಾಡಿದ್ದು ಅದರ ನೆಂಟನನ್ನೇ. ನನಗೆ ಹೆಮ್ಮೆ ಅನಿಸಿತು. ಆಮೇಲೆ ಊದಿನಕಡ್ಡಿಯ ಬಿರುಕು ನೆನಪಾಯಿತು. ಅಜ್ಜ ಕಾದಿದ್ದು ಸರಿ, ಆದರೆ ಪಾಯ ಎರಡೂವರೆ ಅಡಿ ಮಾತ್ರ. ಎರೆ ಅದಕ್ಕಿಂತ ಬಹಳ ಆಳಕ್ಕೆ ಪ್ರತಿ ವರ್ಷ ಒಣಗಿ ನೆನೆಯುತ್ತದೆ. ಒಂದು ಮಳೆಗಾಲ ಕಾದರೆ ಮುಗಿಯುವ ಲೆಕ್ಕ ಅಲ್ಲ ಅದು.

ಹೋದ ವರ್ಷ ಸಂಕ್ರಾಂತಿಗೆ ಹೋದಾಗ ಆ ಬಿರುಕಿಗೆ ಅಡ್ಡಲಾಗಿ ಎರಡು ಕಡೆ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಬರೆದೆ. ಬಿರುಕು ಇನ್ನೂ ಅಲುಗಾಡುತ್ತಿದ್ದರೆ ಗಾಜು ಒಡೆಯುತ್ತದೆ. ಅಪ್ಪನಿಗೆ ಹೇಳಿದೆ, ಅಲ್ಲಿ ಊದಿನಕಡ್ಡಿ ಸಿಕ್ಕಿಸಬೇಡ, ದಿನಾ ಒಮ್ಮೆ ನೋಡು ಅಂತ. ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ, ನಾನು ಸೈಟಿಗೆ ಹೊರಟು ಕ್ಯಾಬ್‌ನಲ್ಲಿ ಕೂತಿದ್ದಾಗ ಫೋನ್ ಬಂತು.

"ಮ್ಯಾಲಿನ ಗಾಜ ಒಡದೈತಿ ನೋಡವ್ವಾ. ಕೆಳಗಿಂದು ಹಂಗ ಐತಿ."

ಮೇಲಿನದು ಮಾತ್ರ ಯಾಕೆ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವನೇ ಕೇಳಿದ, "ಈಗರ ಊದಿನಕಡ್ಡಿ ಹಚ್ಚಲೇನು?"

ಮಳೆ ಬರಲಿ ತಡಿಯಪ್ಪ, ಇನ್ನೊಂದು ಓದು ಇದೆ ಅಂದೆ.